ತೆರೆಯ ಪಕ್ಕದಲ್ಲಿ ಶಾಂತವ್ವ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅಧ್ಯಾಪಕ. ಜೊತೆಗೆ ಫಿಲ್ಮ್ ಕ್ಲಬ್ಬಿನ ಹೊಣೆಯೂ ಇತ್ತು. ಆ ವರ್ಷ ನಾನು ಹಟ ಹಿಡಿದು ಆರಿಸಿದ್ದು ಕೊರಿಯಾದ ಬಹಳ ಹಳೆಯ ಮೂಕಿ ಚಿತ್ರವೊಂದನ್ನು. ಬಡತನ ತಾಳದೆ ತಮ್ಮನನ್ನು ದೂರದ ಗಿರಣಿಗೆ ದುಡಿಯಲು ಕಳಿಸುವ ಅಕ್ಕನ ಕಥೆ. ಅದರ ಕ್ಯಾಮೆರಾ ಮನುಷ್ಯರ ಮುಖಗಳನ್ನು ನೋಡುವ ತಾಳ್ಮೆಯನ್ನು ಆಮೇಲಿನ ಚಿತ್ರಗಳಲ್ಲಿ ನಾನು ಕಂಡದ್ದು ಕಡಿಮೆ.

ಆದರೆ ಹಿಂದೆ ಕ್ಲಬ್ಬಿನಲ್ಲಿ ತೋರಿಸಿದ್ದ ಮೂಕಿ ಚಿತ್ರಕ್ಕೆ ಹುಡುಗರು ಅರ್ಧಕ್ಕೇ ಎದ್ದು ಹೋಗಿದ್ದರು. ಈ ಸಲವೂ ಹಾಗಾದರೆ ಕ್ಲಬ್ ಮುಚ್ಚುವುದೆಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಆ ಕಾಲದ ಕೊರಿಯಾದಲ್ಲಿ ತೆರೆಯ ಪಕ್ಕ ಒಬ್ಬ ನಿರೂಪಕ ನಿಂತು ಕಥೆ ಹೇಳುತ್ತ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದನಂತೆ. ನನಗೆ ಇಳಕಲ್ಲಿನ ಶಾಂತವ್ವ ನೆನಪಾದರು. ನಾಟಕ ಕಂಪನಿಗಳಲ್ಲಿ ನಾಯಕಿಯಾಗಿ ಮೆರೆದವರು.

ಅವರ ಮನೆಗೆ ಹೋಗಿ ವಿಷಯ ತಿಳಿಸಿದ್ದೇ ಅವರ ಮುಖ ಗಂಟಾಯಿತು. "ಸಿನಿಮಾ ಬಂದು ನಮ್ಮ ಕಂಪನಿ ಮುಚ್ಚಿಸ್ತರಿ ಸರ. ಅದಕ್ಕ ನಾ ದನಿ ಕೊಡ್ಲೇನು?"

"ಒಮ್ಮೆ ನೋಡ್ರಿ. ಆಮ್ಯಾಲ ಬ್ಯಾಡಂದ್ರ ಬಿಡ್ರಿ," ಎಂದು ಲ್ಯಾಪ್‌ಟಾಪ್ ತೆರೆದೆ.

ಅಕ್ಕ ತಮ್ಮನನ್ನು ಬೀಳ್ಕೊಡುವ ದೃಶ್ಯ ಬಂದಾಗ ಅವರು ಮುಂದಕ್ಕೆ ಬಾಗಿದರು. ಆ ನಟಿ ಅಳುವುದಿಲ್ಲ. ತಮ್ಮನ ಅಂಗಿಯ ಗುಂಡಿ ಹಾಕುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಹಾಕುತ್ತಾಳೆ.

"ಎಂಥಾ ಹೆಣ್ಮಗಳ್ರಿ ಈಕಿ!" ಎಂದರು ಶಾಂತವ್ವ. "ನಾ ಬರ್ತೇನಿ."

ಪ್ರದರ್ಶನದ ದಿನ ಸಭಾಂಗಣ ಅರ್ಧ ಖಾಲಿ. ಶಾಂತವ್ವ ತೆರೆಯ ಪಕ್ಕ ನಿಂತು ಗಿರಣಿ ಮಾಲೀಕನಾಗಿ ಗದರಿದರು, ಪುಟ್ಟ ತಮ್ಮನಾಗಿ ತೊದಲಿದರು. ಹುಡುಗರು ನಕ್ಕರು, ಆಮೇಲೆ ಮೈಮರೆತು ಕೂತರು. ಕಾರಿಡಾರಿನಲ್ಲಿದ್ದವರೂ ಒಳಗೆ ಬಂದರು. ಬೀಳ್ಕೊಡುಗೆಯ ದೃಶ್ಯ ಬಂತು, ಶಾಂತವ್ವ ಸುಮ್ಮನಾದರು. ಮಾತು ಮರೆತರೆಂದುಕೊಂಡು ನಾನು ಅವರ ಹತ್ತಿರ ಸರಿದೆ.

"ಅಮ್ಮಾರ, ಮಾತು!" ಎಂದು ಪಿಸುಗುಟ್ಟಿದೆ. ಅವರು ನನ್ನತ್ತ ತಿರುಗದೆ, ಸುಮ್ಮನಿರು ಎಂಬಂತೆ ಕೈ ಎತ್ತಿದರು.

ತೆರೆಯ ಮೇಲೆ ಆ ಬೆರಳುಗಳು, ಆ ಗುಂಡಿ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಚಿತ್ರ ಮುಗಿದು ದೀಪ ಹತ್ತಿದರೂ ಒಬ್ಬರೂ ಏಳಲಿಲ್ಲ.

"ಮರೆತ್ರೇನ್ರಿ?" ಎಂದು ಆಮೇಲೆ ಕೇಳಿದೆ.

"ಇಲ್ರಿ ಸರ, ಮಾತು ನಾಲಿಗಿ ಮ್ಯಾಲಿತ್ತು. ಖರೆ, ಆಕಿ ಅಷ್ಟು ಚಂದ ಹೇಳಾಕತ್ತಿದ್ಲು. ನಡುವ ನಾ ಯಾಕ ಬಾಯಿ ಹಾಕ್ಲಿ?"

ಕ್ಲಬ್ ಉಳಿಯಿತು. ಅಲ್ಲಿಯವರೆಗೆ ಪದ್ಯದ ಪ್ರತಿ ಸಾಲನ್ನೂ ವಿವರಿಸುವುದೇ ಪಾಠವೆಂದು ನಂಬಿದ್ದ ನಾನು, ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿರುವುದನ್ನು ಕಲಿತೆ. ನನ್ನ ಇಡೀ ಸೇವೆಯಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಆ ಕೊನೆಯ ಎರಡು ವರ್ಷಗಳಲ್ಲಿ.