ಕುಡಿಯದವರು ಊದಲಿಲ್ಲ

ನಮ್ಮ ಮನೆಯವರು ಕುಡಿಯುವುದಿಲ್ಲ. ಇದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು, ಹೇಳಿ ಹೇಳಿ ಗಂಟಲು ಒಣಗಿದರೂ ಓಣಿಯಲ್ಲಿ ಒಬ್ಬರೂ ನಂಬದ ಕಾಲವೂ ಇತ್ತು. ಎರಡಕ್ಕೂ ಕಾರಣ ಅವರೇ.

ನನ್ನ ತವರು ಯಲಬುರ್ಗಾ. ಅಪ್ಪ ಕುಡಿಯುತ್ತಿದ್ದ, ಅವ್ವ ಅನುಭವಿಸುತ್ತಿದ್ದಳು. ಹಾಗಾಗಿ ನನ್ನನ್ನು ನೋಡಲು ಕುಷ್ಟಗಿಯಿಂದ ಹುಡುಗನ ಕಡೆಯವರು ಬಂದಾಗ ಅವ್ವ ಹೊಲ ಎಷ್ಟು, ಮನೆ ಎಷ್ಟು ಅಂಕಣದ್ದು ಎಂದು ಕೇಳಲೇ ಇಲ್ಲ. ಚಹಾ ಕೊಡುವ ನೆಪದಲ್ಲಿ ಹುಡುಗನ ಮುಖದ ಹತ್ತಿರ ಬಗ್ಗಿ ಉಸಿರು ಎಳೆದುಕೊಂಡಳು. ಪಾಪ, ಆತ ಗಾಬರಿಯಾಗಿ ಚಹಾ ತೊಡೆಯ ಮೇಲೆ ಚೆಲ್ಲಿಕೊಂಡ. ಅವ್ವ ಅಡುಗೆ ಮನೆಗೆ ಬಂದು, ಎಲೆ ಅಡಿಕೆಯ ವಾಸನೆ ಕೂಡ ಇಲ್ಲ ಎಂದಳು. ಅಲ್ಲಿಗೆ ನನ್ನ ಮದುವೆ ಗೊತ್ತಾಯಿತು.

ಕೊಪ್ಪಳ ಜಿಲ್ಲೆಯಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಮದುವೆಯಾದ ಮೇಲೆ ಅವರಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತು. ಅದಕ್ಕೂ ಮೊದಲು ದಾಳಿಂಬೆ ತುಂಬಿದ ಲಾರಿ ಓಡಿಸುತ್ತಿದ್ದರು, ಮನೆಗೆ ಯಾವಾಗ ಬರುತ್ತಾರೆ ಎನ್ನುವ ಖಾತ್ರಿ ಇರಲಿಲ್ಲ. ಸರ್ಕಾರಿ ಕೆಲಸ ಎಂದರೆ ನಮ್ಮ ಕಡೆ ಕೇಳಬೇಕೇ? ಅತ್ತೆ ಹುಲಿಗಿಯ ಗುಡಿಗೆ ಹೋಗಿ ದೇವಿಗೆ ಸೀರೆ ಉಡಿಸಿ ಬಂದರು. ನಾನು ಮಾತ್ರ ಪೂರ್ತಿ ಹಿಗ್ಗಲಿಲ್ಲ, ಯಾಕೆಂದರೆ ಕೆಲಸ ಇನ್ನೂ ಪ್ರೊಬೇಷನ್ನಿನಲ್ಲಿತ್ತು. ಕಾಯಂ ಆದವರ ಮೇಲೆ ದೂರು ಬಂದರೆ ವಿಚಾರಣೆ, ಮೇಲ್ಮನವಿ ಎಂದು ವರ್ಷಗಟ್ಟಲೆ ಎಳೆದಾಡುತ್ತಾರೆ. ಪ್ರೊಬೇಷನ್ನಿನವರಿಗೆ ಅದೆಲ್ಲ ಯಾಕೆ, 'ಸೇವೆ ತೃಪ್ತಿಕರವಾಗಿಲ್ಲ' ಎಂದು ಒಂದು ಸಾಲು ಬರೆದರೆ ಮುಗಿಯಿತು. ಆ ಒಂದು ಸಾಲು ಬೀಳದ ಹಾಗೆ ದಿನ ದೂಡುವುದೇ ಆಗ ನಮ್ಮ ಸಂಸಾರ. ಅವರೂ ಹುಷಾರಾಗಿದ್ದರು. ಒಂದು ಕೋಳಿಯ ಕಾಲಿಗೂ ಬಸ್ಸು ತಾಗಿಸಿರಲಿಲ್ಲ.

ಪ್ರೊಬೇಷನ್ ಮುಗಿಯಲು ಕೆಲವೇ ತಿಂಗಳು ಉಳಿದಿದ್ದಾಗ ಅವರು ಹನುಮ ಮಾಲೆ ಹಾಕಿದರು. ಕೆಲಸ ಸಿಕ್ಕರೆ ಮಾಲೆ ಹಾಕಿ ಅಂಜನಾದ್ರಿ ಬೆಟ್ಟ ಹತ್ತುತ್ತೇನೆ ಎಂದು ಹರಕೆ ಹೊತ್ತಿದ್ದರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಕಾಲಿಗೆ ಚಪ್ಪಲಿ ಇಲ್ಲ, ಚಾಪೆಯ ಮೇಲೆ ನಿದ್ದೆ, ಬೆಳಕು ಹರಿಯುವ ಮುಂಚೆ ತಣ್ಣೀರ ಸ್ನಾನ, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಅಡುಗೆ. ಇದೆಲ್ಲ ಸರಿ. ಆದರೆ ಎಂಜಲಿನ ವಿಷಯದಲ್ಲಿ ಅವರದು ಅತಿಯಾಯಿತು. ನೀರಿಗೆ ತಮ್ಮದೇ ತಂಬಿಗೆ, ಊಟಕ್ಕೆ ತಮ್ಮದೇ ತಾಟು. ಬೇರೆಯವರ ಬಾಯಿ ತಾಗಿದ್ದು ತಮ್ಮ ಬಾಯಿಗೆ ತಾಗಬಾರದು. ಉಪ್ಪು ನೋಡಲು ನಾನು ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡರೂ ಕಣ್ಣು ಕಿರಿದು ಮಾಡಿ ನೋಡುವರು. ಅವರ ಮಡಿ ಕಾಯುವುದರಲ್ಲಿ ನನ್ನ ಅರ್ಧ ದಿನ ಹೋಗುತ್ತಿತ್ತು.

ಕುಷ್ಟಗಿಯ ಬಸ್ ಡಿಪೋದ ಗೇಟಿನಲ್ಲಿ ಡ್ಯೂಟಿಗೆ ಮುಂಚೆ ಡ್ರೈವರುಗಳು ಒಂದು ಯಂತ್ರಕ್ಕೆ ಊದಬೇಕಿತ್ತು. ಕುಡಿದಿದ್ದರೆ ಅದು ಕೀಂಯ್ ಎನ್ನುತ್ತದೆ. ದಿನಾ ಎಲ್ಲರೂ ಅಲ್ಲ, ಕಾವಲುಗಾರನಿಗೆ ಮನಸ್ಸು ಬಂದ ದಿನ, ಸಿಕ್ಕವರು. ಒಬ್ಬೊಬ್ಬರಿಗೂ ಹೊಸ ಕೊಳವೆ ಕೊಡಬೇಕು ಎಂದು ಆಮೇಲೆ ಕೇಳಿದೆ. ಅಲ್ಲಿ ಇದ್ದದ್ದು ಒಂದೇ ಕೊಳವೆ. ಒಬ್ಬ ಊದಿದ ಮೇಲೆ ಅರಿವೆಯಲ್ಲಿ ಒರೆಸಿ ಇನ್ನೊಬ್ಬನ ಬಾಯಿಗೆ ಹಿಡಿಯುತ್ತಿದ್ದರು.

ಮಾಲೆ ಹಾಕಿ ಒಂದು ವಾರವಾಗಿರಬೇಕು. ಸಾಲಿನಲ್ಲಿ ಮುಂದಿದ್ದವರೆಲ್ಲ ಊದಿದ ಕೊಳವೆ ನಮ್ಮವರ ಮುಂದೆ ಬಂತು. ಇವರು ಎರಡು ಹೆಜ್ಜೆ ಹಿಂದೆ ಸರಿದು, ಎಂಜಲಿಗೆ ಬಾಯಿ ಹಚ್ಚುವುದಿಲ್ಲ ಎಂದರು. ಬೇರೆ ಕೊಳವೆ ಇಲ್ಲ ಎಂದು ಕಾವಲುಗಾರ ಹೇಳಿದ. ಹಾಗಾದರೆ ಊದುವುದಿಲ್ಲ ಎಂದು ಇವರು ಹೇಳಿದರು. ಮಾತು ಮ್ಯಾನೇಜರ ಕೋಣೆಗೆ ಹೋಯಿತು. ಮ್ಯಾನೇಜರು ಕೆಟ್ಟವರಲ್ಲ. ಇವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಡಾಕ್ಟರು ಕಣ್ಣು ನೋಡಿ, ನೆಟ್ಟಗೆ ನಡೆಸಿ, ಕುಡಿದ ಲಕ್ಷಣ ಇಲ್ಲ ಎಂದು ಬರೆದುಕೊಟ್ಟರು. ನಮ್ಮವರು ಗೆದ್ದೆ ಎಂದುಕೊಂಡು ಅದನ್ನು ಮ್ಯಾನೇಜರ ಮುಂದೆ ಇಟ್ಟರು.

"ನೀ ಕುಡಿದಿಲ್ಲ, ಒಪ್ಪಿದೆ" ಎಂದರಂತೆ ಮ್ಯಾನೇಜರು. "ಆದ್ರ ನೀ ಊದಿಲ್ಲ, ಅದೂ ಖರೇನ. ನಾ ಬರಿಯೂದು ಅದನ್ನ."

ಊದಲು ಒಪ್ಪದವನನ್ನು ಕುಡಿದವನ ಸಾಲಿನಲ್ಲೇ ನಿಲ್ಲಿಸಬೇಕು ಎಂದು ನಿಯಮವಂತೆ. ಅಂದಿನಿಂದ ಅವರಿಗೆ ಬಸ್ಸು ಕೊಡಲಿಲ್ಲ. ದಿನಾ ಹೋಗಿ ಸಹಿ ಮಾಡಿ, ಗೇಟಿನ ಪಕ್ಕದ ಬೆಂಚಿನ ಮೇಲೆ ಕುಳಿತು ಬರಬೇಕು. ಕೊಪ್ಪಳದ ಕಚೇರಿಯಿಂದ ವಿಚಾರಣೆಗೆ ಕರೆಯುತ್ತೇವೆ ಎಂದು ನೋಟಿಸು ಬಂತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕುಡುಕರೆಲ್ಲ ಹೇಗೋ ಊದಿ ಪಾರಾಗುತ್ತಾರೆ, ಹನಿ ಮುಟ್ಟದ ಮನುಷ್ಯ ಊದದೆ ಸಿಕ್ಕಿಬೀಳುತ್ತಾನೆ. "ಒಮ್ಮಿ ಊದಿ, ಮನಿಗೆ ಬಂದು ಬಾಯಿ ತೊಳ್ಕೊಂಡಿದ್ರ ಹನುಮಪ್ಪ ಏನು ಸಿಟ್ಟಾಗ್ತಿದ್ನೇನ್ರಿ?" ಎಂದು ಕೇಳಿದೆ. ಅವರು ತಮ್ಮ ತಂಬಿಗೆ ತೊಳೆಯಲು ಎದ್ದು ಹೋದರು. ಅವರು ಯಾವಾಗಲೂ ಹಾಗೆಯೇ, ಜಗಳಕ್ಕೆ ಹಿಡಿಕೆಯನ್ನೇ ಕೊಡುವುದಿಲ್ಲ. ಓಣಿಯಲ್ಲಂತೂ ಮಾಲೆ ಹಾಕಿಕೊಂಡು ಕುಡಿದನಂತೆ ಎಂದು ಸುದ್ದಿ ಹಬ್ಬಿತು. ಹಾಲು ಹಾಕುವವಳು ಕೂಡ ನನ್ನನ್ನು ಪಾಪ ಎನ್ನುವ ಹಾಗೆ ನೋಡತೊಡಗಿದಳು. ಅವಳಿಗೆ ಹಾಲು ನೀರಾಗಿದೆ ಎಂದು ಬೈದು ಆ ಸಿಟ್ಟು ತೀರಿಸಿಕೊಂಡೆ.

ಡಿಪೋದ ಹಿರಿಯರು ಒಂದು ದಾರಿ ಹೇಳಿಕೊಟ್ಟರು. ಮಾಲೆ ಹಾಕಿದವನು ಎಂಜಲು ಮುಟ್ಟುವಂತಿಲ್ಲ, ಇದು ನಂಬಿಕೆಯ ಪ್ರಶ್ನೆ, ಹೇಗೂ ಡಾಕ್ಟರ ಚೀಟಿ ಇದೆ. ಇದನ್ನೇ ಹಿಡಿದುಕೊಂಡರೆ ಕೊಪ್ಪಳದ ಸಾಹೇಬರು ಕೈ ಹಚ್ಚುವುದಿಲ್ಲ ಎಂದರು. ನಮಗೂ ಅದು ಸರಿ ಅನ್ನಿಸಿತು. ಕೆಲಸ ಉಳಿಯಲು ಇದ್ದದ್ದು ಅದೊಂದೇ ಆಧಾರ. ಸಾಹೇಬರ ಮುಂದೆ ಹೇಗೆ ಹೇಳಬೇಕು ಎಂದು ಅತ್ತೆಯನ್ನೇ ಸಾಹೇಬರನ್ನಾಗಿ ಕೂರಿಸಿ ನಮ್ಮವರಿಂದ ಹೇಳಿಸಿ ನೋಡಿದೆ. ಅತ್ತೆ ಮೊದಲ ಸಲಕ್ಕೇ ಮಾಫಿ ಮಾಡಿಬಿಟ್ಟರು.

ಮಾಲೆ ಬಿಚ್ಚುವ ದಿನ ಬಂತು. ಮೂವರೂ ಮೊದಲ ಬಸ್ಸಿಗೆ ಗಂಗಾವತಿಗೆ ಹೋಗಿ, ಅಲ್ಲಿಂದ ಬೆಟ್ಟದ ಬುಡದ ಹನುಮನಹಳ್ಳಿಗೆ ಹೋಗುವುದೆಂದು ಗೊತ್ತು ಮಾಡಿದ್ದೆವು. ಇವರು ಡಿಪೋದಲ್ಲಿ ರಜೆ ಹೇಳಿ ಬರಬೇಕಿತ್ತು. ನಾನೂ ಅತ್ತೆಯೂ ಬುತ್ತಿ ಗಂಟು ಹಿಡಿದು ಗೇಟಿನ ಹತ್ತಿರ ನಿಂತೆವು. ಆ ಬಸ್ಸನ್ನು ಓಡಿಸಬೇಕಿದ್ದ ಡ್ರೈವರು ಗೇಟಿನಲ್ಲೇ ಸಿಕ್ಕಿಬಿದ್ದಿದ್ದರು. ಆ ಡಿಪೋದಲ್ಲಿ ಹಳಬರು, ನಮ್ಮವರಿಗೆ ಕಾಕಾ ಆಗಬೇಕಾದ ವಯಸ್ಸು. ಅವರು ಕುಡಿಯುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಅವರು ಭಕ್ತರು ಎನ್ನುವುದು. ಕೊರಳಲ್ಲಿ ಮಾಲೆ ಇತ್ತು, ಅಂಗಡಿಯ ಹೊಳಪು ಇನ್ನೂ ಹೋಗಿರಲಿಲ್ಲ. ಕಾಲಲ್ಲಿ ಬೂಟು ಇದ್ದವು.

ನಮ್ಮವರ ಪ್ರಕರಣ ಆದಮೇಲೆ ಕಾವಲುಗಾರ ಮಾಲೆ ಕಂಡರೆ ಕೊಳವೆ ಹಿಡಿಯಲು ಅಂಜುತ್ತಿದ್ದನಂತೆ. ಈ ಹಳಬರು ಎರಡು ದಿನ ಹಾಗೆಯೇ ಗೇಟು ದಾಟಿದ್ದರಂತೆ. ಈ ದಿನ ಮಾತ್ರ ವಾಸನೆ ಅಷ್ಟು ದೂರ ನಿಂತ ನನ್ನ ಮೂಗಿಗೂ ಬಡಿಯಿತು. ನನಗೆ ಯಲಬುರ್ಗಾದ ಮನೆಯ ಬಾಗಿಲು ನೆನಪಾಯಿತು. ಕಾವಲುಗಾರ ಕೈಮುಗಿದು ಊದಿರಿ ಎಂದು ಬೇಡಿಕೊಳ್ಳುತ್ತಿದ್ದ.

ಹಳಬರು ನಮ್ಮವರನ್ನು ನೋಡಿ ಹತ್ತಿರ ಕರೆದರು. "ಕೇಳ್ರಿ ಇವನ್ನ. ಮಾಲಿ ಹಾಕಿದಾವ ಎಂಜಲಾ ಊದಬಾರ್ದು ಅಂತ ಇವನ ಹೇಳ್ಯಾನ. ನನಗ್ಯಾಕ ಬ್ಯಾರೆ ಕಾನೂನು?"

ಅಲ್ಲಿದ್ದವರೆಲ್ಲ ನಮ್ಮವರ ಮುಖ ನೋಡಿದರು. ನಾನೂ ನೋಡಿದೆ. ಹೌದು ಎಂದರೆ ಆ ಬಸ್ಸು ಆ ಕೈಯಲ್ಲಿ ಹೊರಡುತ್ತದೆ. ಅಲ್ಲ ಎಂದರೆ ನಮ್ಮ ಕೆಲಸಕ್ಕಿದ್ದ ಒಂದೇ ಆಧಾರ ಅಲ್ಲೇ ಮುರಿಯುತ್ತದೆ. ಸುಮ್ಮನೆ ತಲೆ ತಗ್ಗಿಸಿ ಬಂದುಬಿಡಲಿ, ನಾವು ಬೇರೆ ಬಸ್ಸಿಗೆ ಹೋದರಾಯಿತು ಎಂದು ನನಗೆ ಅನ್ನಿಸಿದ್ದು ನಿಜ.

ನಮ್ಮವರು ಕಾವಲುಗಾರನ ಕೈಯಿಂದ ಯಂತ್ರ ತೆಗೆದುಕೊಂಡರು. ಯಾರ ಯಾರ ಬಾಯಿ ತಾಗಿತ್ತೋ ಆ ಕೊಳವೆಯನ್ನು ಒರೆಸದೆಯೇ ಬಾಯಿಗಿಟ್ಟು ಜೋರಾಗಿ ಊದಿದರು. ಕೊರಳಲ್ಲಿ ಮಾಲೆ ಇದ್ದೇ ಇತ್ತು. ಯಂತ್ರ ಸುಮ್ಮನಿತ್ತು. ಆಮೇಲೆ ಅದನ್ನು ಹಳಬರ ಮುಂದೆ ಹಿಡಿದರು.

"ನಾ ಊದೀನಿ ಕಾಕಾ. ಈಗ ನೀವು ಊದ್ರಿ."

ಹಳಬರು ಸುತ್ತ ನಿಂತವರನ್ನು ಒಮ್ಮೆ ನೋಡಿ ಕೊಳವೆ ಹಿಡಿದುಕೊಂಡರು. ಊದಿದರು. ಆ ಯಂತ್ರ ಕೂಗಿಕೊಂಡದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಬೇರೆ ಡ್ರೈವರು ಬಂದು ನಮ್ಮನ್ನು ಗಂಗಾವತಿಗೆ ಕರೆದೊಯ್ದರು. ಬಸ್ಸಿನ ತುಂಬ ಜನ, ಕಿಟಕಿಗೆ ಒರಗಿ ಒಂದು ಬಸುರಿ ಹೆಂಗಸು ನಿದ್ದೆ ಮಾಡುತ್ತಿದ್ದಳು. ನಮ್ಮವರು ದಾರಿಯುದ್ದಕ್ಕೂ ಅವಳನ್ನೇ ನೋಡುತ್ತಿದ್ದರು. ಬೆಟ್ಟ ಹತ್ತಿ ಮಾಲೆ ಬಿಚ್ಚಿದಾಗ, ವ್ರತ ಕೆಟ್ಟಿತೇ ಎಂದು ಮೆಲ್ಲಗೆ ಕೇಳಿದೆ. ಇಲ್ಲ, ಈಗ ಸರಿ ಹೋಯಿತು ಎಂದರು. ಆಗ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅಷ್ಟು ಜನರ ನಡುವೆ ಏನು ಮಾಡಲೂ ತೋಚದೆ ಅವರ ಕೈಗೆ ಬಾಳೆಹಣ್ಣು ಕೊಟ್ಟು ತಿನ್ನಿ ಎಂದೆ.

ಕೊಪ್ಪಳದ ವಿಚಾರಣೆಯಲ್ಲಿ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆಯಂತೆ. ಮಾಲೆ ಇದ್ದಾಗಲೇ ಊದಿದ್ದೀಯಲ್ಲ, ಹಾಗಾದರೆ ಮೊದಲ ದಿನ ಯಾಕೆ ಊದಲಿಲ್ಲ? ನಾನು ಕಲಿಸಿದ್ದೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮೊದಲ ದಿನ ನನ್ನ ಬಾಯಿಯ ಚಿಂತೆ ಮಾಡಿದೆ, ಬಸ್ಸಿನಲ್ಲಿ ಕೂರುವವರ ಚಿಂತೆ ಮಾಡಲಿಲ್ಲ, ತಪ್ಪಾಯಿತು ಎಂದರಂತೆ. ಕೆಲಸ ಹೋಗಲಿಲ್ಲ. ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಜೊತೆಗೆ ಸೇರಿದವರೆಲ್ಲ ಕಾಯಂ ಆಗಿ ಪೇಡೆ ಹಂಚಿದರು. ನಮ್ಮ ಮನೆಗೂ ಕಳಿಸಿದರು. ಆ ಪೇಡೆಯನ್ನು ನಾನು ಹಾಲು ಹಾಕುವವಳಿಗೆ ಕೊಟ್ಟುಬಿಟ್ಟೆ. ಇವರು ಬಸ್ಸು ಓಡಿಸುತ್ತಿದ್ದರೂ ಮನೆಯಲ್ಲಿ ಮಂಕಾಗಿದ್ದರು. ತಮ್ಮಿಂದ ಒಬ್ಬ ಹಿರಿಯನ ಮನೆ ಕೆಟ್ಟಿತು ಎನ್ನುವ ಕೊರಗು ಅವರಿಗೆ ಪ್ರೊಬೇಷನ್ನಿಗಿಂತ ಹೆಚ್ಚಾಗಿತ್ತು. ಹಳಬರನ್ನು ಸ್ಟಿಯರಿಂಗಿನಿಂದ ಇಳಿಸಿ ಡಿಪೋದಲ್ಲೇ ಬೇರೆ ಕೆಲಸಕ್ಕೆ ಹಾಕಿದ್ದರು.

ಒಂದು ಸಂಜೆ ಆ ಹಳಬರ ಹೆಂಡತಿ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನು ಸೆರಗು ಸೊಂಟಕ್ಕೆ ಸಿಗಿಸಿ ತಯಾರಾದೆ. ಇವರು ಒಳಮನೆಯಲ್ಲಿ ಉಸಿರು ಬಿಗಿಹಿಡಿದು ಕುಳಿತರು. ಆಕೆ ಒಳಗೆ ಬಂದು, ಕಂಬಕ್ಕೆ ಒರಗಿ ಕುಳಿತು, ನೀರು ಕೇಳಿ ಕುಡಿದರು.

"ಪಗಾರ ಕಡಿಮಿ ಆತವ್ವಾ" ಎಂದರು. "ಆಗ್ಲಿ. ಇಷ್ಟು ವರ್ಷ ಅವ್ರು ಬಸ್ ಒಯ್ದಾಗೆಲ್ಲಾ, ಯಾರರ ಬಾಗಲಾ ಬಡಿದ್ರ ನನ್ನ ಎದಿ ಧಸಕ್ ಅಂತಿತ್ತು. ಈಗ ಬಡಿದ್ರ ಎದ್ದು ಹೋಗಿ ತಗೀತೀನಿ. ಇದನ್ನ ನಿನ್ನ ಗಂಡಗ ಹೇಳು."

ಹೇಳುವ ಅಗತ್ಯ ಬೀಳಲಿಲ್ಲ. ಇವರು ಒಳಮನೆಯಿಂದ ಎದ್ದು ಬಂದು ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ನಾನು ಚಹಾಕ್ಕೆ ಇಟ್ಟೆ.