ಶಾಲು ಹೊದೆಸಿ ಸೀನು ಕಿತ್ತುಕೊಂಡರು

ಸ್ನೇಹಿತರೇ, ಇಂದು ಬಂಟ್ವಾಳದಲ್ಲಿ ನನಗೆ ಸನ್ಮಾನವಾಯಿತು. ದಯವಿಟ್ಟು ಅಭಿನಂದಿಸಬೇಡಿ, ಕೋಪ ಇನ್ನೂ ಇಳಿದಿಲ್ಲ.

ಒಂದು ವಾರದಿಂದ ಇಲ್ಲಿ ಹಾಸ್ಯ ನಾಟಕಗಳು. ದಿನಾ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂದು ಮಧ್ಯಾಹ್ನದ ನಾಟಕವೇ ಕೊನೆಯದು. ಅದರ ಕೊನೆಯ ದೃಶ್ಯ ನಾನು ಬರೆದದ್ದು. ಅದನ್ನು ನೋಡಲೆಂದೇ ಅಮ್ಮ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದರು.

ಆ ದೃಶ್ಯ ಶುರುವಾಗುವ ಮೊದಲು, ಜನ ಜೋರಾಗಿ ನಗುತ್ತಿದ್ದಾಗಲೇ ಪರದೆ ಎಳೆದು ನನ್ನನ್ನು ವೇದಿಕೆಗೆ ಕರೆದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ನಿರೂಪಕರು "ಇವರು ಓದಿದ್ದು ಬರೀ ಐದನೇ ಕ್ಲಾಸು" ಎಂದು ಮತ್ತೆ ಮತ್ತೆ ಹೇಳಿ ಚಪ್ಪಾಳೆ ತಟ್ಟಿಸಿದರು. ನನ್ನ ಪರಿಚಯವೇ ಇಲ್ಲದ ಗಣ್ಯರು ಒಬ್ಬರಾದ ಮೇಲೆ ಒಬ್ಬರು ನನ್ನನ್ನು ಹೊಗಳಿದರು. ಕೊನೆಗೆ ನನ್ನ ಕೈಗೆ ಮೈಕ್ ಬಂತು. ಅದೇ ಹೊತ್ತಿಗೆ ನಾಟಕ ಏರ್ಪಡಿಸಿದ್ದ ಸಂಘದ ಅಧ್ಯಕ್ಷರು ಪಕ್ಕದಲ್ಲಿ ನಿಂತು ನಾಟಕದವರಿಗೆ ಹೇಳಿದರು: "ಆರು ಗಂಟೆಗೆ ಹಾಲ್ ಬಿಡಬೇಕು ಮಾರಾಯ್ರೆ, ಇಲ್ಲಿ ಮದುವೆಯವರ ಮೆಹಂದಿ ಉಂಟು. ಲಾಸ್ಟ್ ಸೀನ್ ಬಿಡುವ."

ಬಿಡುವ ಎಂದದ್ದು ನನ್ನ ಸೀನನ್ನೇ. ಆದರೂ ನಾನು ಮೈಕಿನಲ್ಲಿ "ಎಲ್ಲರಿಗೂ ಧನ್ಯವಾದ" ಎಂದು ಇಳಿದೆ.

ಹೊರಗೆ ಅಮ್ಮ ಶಾಲು ಮುಟ್ಟಿ ನೋಡಿದರು. "ಶಾಲು ಒಳ್ಳೆಯದುಂಟು ಮಗಾ. ನೀನು ಬರೆದದ್ದು ಯಾವಾಗ ಬಂತು? ನನಗೆ ಗೊತ್ತೇ ಆಗಲಿಲ್ಲ."

ನಾಳೆ ಅಮ್ಮನನ್ನು ಮೂಡುಬಿದಿರೆಗೆ ಒಂದು ಪ್ರೇಮದ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಹುಡುಗ ತನ್ನ ಮನಸ್ಸಿನ ಮಾತು ಹೇಳಲು ಹೊರಟಾಗ ಯಾರೂ ಅವನನ್ನು ತಡೆದು ಶಾಲು ಹೊದೆಸುವುದಿಲ್ಲ.