ಕಾಲುವೆಗೆ ಅಡ್ಡ ಕೂತ ಕಳಕಮ್ಮ

ಕುಷ್ಟಗಿಯಲ್ಲಿ ನಿಜಾಮರ ಕಾಲದಲ್ಲಿ ಕಳಕಮ್ಮನ ಬಾಯಿಗೆ ಹೆದರದವರೇ ಇರಲಿಲ್ಲ. ಗಂಡ ಹಂಪಣ್ಣ ಪೇಟೆಯಲ್ಲಿ ಜೋಳದ ವ್ಯಾಪಾರ ಮಾಡುವವನು. ಮನೆಗೆ ಬಂದರೆ ಮಾತಿನ ವ್ಯಾಪಾರವನ್ನು ಹೆಂಡತಿಗೇ ಬಿಟ್ಟುಕೊಟ್ಟಿದ್ದ. ಆದರೆ ಸುಳ್ಳು ಯಾಕೆ ಹೇಳಬೇಕು, ಆ ಬಾಯಿ ಇದ್ದದ್ದಕ್ಕೇ ಊರಿನ ಸಿಹಿನೀರಿನ ಹೊಂಡ ಚೊಕ್ಕಟವಾಗಿತ್ತು. ಹೊಂಡಕ್ಕೆ ಮಳೆನೀರು ತರುವ ಕಾಲುವೆ ಅವಳ ಮನೆಯ ಮುಂದೆಯೇ ಹಾಯುತ್ತಿತ್ತು. ಅದರಲ್ಲಿ ಯಾರಾದರೂ ದನ ತೊಳೆದರೆ, ಬಚ್ಚಲ ನೀರು ಬಿಟ್ಟರೆ, ಅವರ ಏಳು ತಲೆಮಾರಿನ ಕಥೆಯನ್ನು ಓಣಿಯೆಲ್ಲ ಕೇಳಬೇಕಾಗುತ್ತಿತ್ತು.

ಹೊಂಡಕ್ಕೊಂದು ಹಿಂದಿನವರು ಮಾಡಿಟ್ಟ ಕಟ್ಟಳೆಯಿತ್ತು. ಬೇಸಿಗೆ ಮುಗಿದು ಬೀಳುವ ಮೊದಲ ಮಳೆ ಊರು ತೊಳೆಯುವ ಮಳೆ. ಓಣಿಯ ಸಗಣಿ, ಗಂಜಲ, ಬೂದಿ ಎಲ್ಲವನ್ನೂ ಬಳಿದುಕೊಂಡು ಬರುತ್ತದೆ. ಆದ್ದರಿಂದ ಹೊಂಡದ ಬಾಯಿಗೆ ಮಣ್ಣಿನ ಒಡ್ಡು ಹಾಕಿ ಆ ನೀರನ್ನು ಕೆಳಗಿನ ಹೊಲಗಳಿಗೆ ತಿರುಗಿಸುತ್ತಿದ್ದರು. ಹೊಲಕ್ಕೆ ಗೊಬ್ಬರವೂ ಆಯಿತು, ಊರಿಗೆ ರೋಗವೂ ತಪ್ಪಿತು. ಎರಡನೆಯ ಮಳೆಗೆ ಒಡ್ಡು ಕೀಳುವುದು. ಒಂದು ವರ್ಷ ಯಾರೂ ನೋಡಿಕೊಳ್ಳದೆ ಒಡ್ಡು ಒಡೆದು ಹೊಲಸು ನೀರು ಒಳಹೊಕ್ಕಿತು. ಊರಿಗೆ ವಾಂತಿಭೇದಿ ಬಂತು. ಕಳಕಮ್ಮನ ಬೆನ್ನಿಗೆ ಬಿದ್ದ ತಂಗಿ ಹೋಗಿಬಿಟ್ಟಳು. ಆ ಸಂಕಟ ಅವಳಲ್ಲಿ ಕೊನೆಯವರೆಗೂ ಆರಲಿಲ್ಲ. ಅಂದಿನಿಂದ ಒಡ್ಡಿನ ಕಾವಲು ಅವಳದು. ಯಾರೂ ಕೊಟ್ಟದ್ದಲ್ಲ, ಅವಳೇ ಮೈಮೇಲೆ ಹಾಕಿಕೊಂಡದ್ದು.

ಮಗಳು ಶೇಖರಮ್ಮನಿಗೆ ಹಿಟ್ನಾಳದಲ್ಲಿ ಗಂಡು ಗೊತ್ತಾಯಿತು. ಹಂದರ ಹಾಕಿ, ಮಗಳಿಗೆ ಅರಿಶಿನ ಹಚ್ಚಿ, ಮರುದಿನದ ಸುರಗಿ ನೀರಿಗೆ ಸಿದ್ಧ ಮಾಡುತ್ತಿದ್ದರು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಮದುಮಕ್ಕಳನ್ನು ನಡುವೆ ಕೂರಿಸಿ ನೀರೆರೆಯುವ ಶಾಸ್ತ್ರವದು. ಅದಕ್ಕೆ ಮುತ್ತೈದೆಯರು ಹೊಂಡದಿಂದಲೇ ಗಂಗೆಯನ್ನು ತರಬೇಕು. ಹೊಂಡದಲ್ಲಿ ನೀರು ತಳ ಕಂಡಿದ್ದರೂ ತಿಳಿಯಾಗಿತ್ತು. ಗಂಡಿನ ಕಡೆಯ ಬಂಡಿಗಳು ಬಂದು ನಿಲ್ಲುವುದಕ್ಕೂ ಆ ವರ್ಷದ ಮೊದಲ ಮಳೆಯಾಗಿ ರೋಹಿಣಿ ದಬದಬನೆ ಬೀಳುವುದಕ್ಕೂ ಸರಿಹೋಯಿತು. "ಬೀಗರ ಕಾಲ್ಗುಣ ಭಾಳ ಛಲೋ ಐತಿ" ಎಂದು ಹೆಂಗಸರು ಹಿಗ್ಗಿದರು.

ಗಂಡಿನ ತಂದೆ ಅಮರಪ್ಪ ಹೊಳೆ ದಂಡೆಯ ಮನುಷ್ಯ. ಹುಟ್ಟಿದಾಗಿನಿಂದ ಹರಿಯುವ ನೀರು ಕಂಡವನು. ಹೊಂಡದ ರೀತಿ ರಿವಾಜು ಅವನಿಗೇನು ಗೊತ್ತು? ಮಳೆ ನಿಂತ ಮೇಲೆ ಎಲೆ ಅಡಿಕೆ ಹಾಕಿಕೊಂಡು ತಿರುಗಾಡಲು ಹೋದವನಿಗೆ ಕಂಡದ್ದು ತಳ ಕಂಡ ಹೊಂಡ, ಅದರ ಪಕ್ಕದಲ್ಲೇ ಹೊಲಕ್ಕೆ ಹರಿದುಹೋಗುತ್ತಿದ್ದ ನೀರು. ಅವನ ಜೀವ ಚುರುಕ್ ಎಂದಿತು. ಬೀಗರ ಊರಿಗೆ ಇಷ್ಟಾದರೂ ಉಪಕಾರ ಮಾಡೋಣವೆಂದು ಅಲ್ಲಿದ್ದ ಸಲಿಕೆ ಎತ್ತಿಕೊಂಡು ಒಡ್ಡನ್ನು ಕಡಿಯತೊಡಗಿದ.

ಪಕ್ಕದ ಮನೆಯ ಸರ್ದಾರಬೀ ಅದನ್ನು ಕಂಡು ಓಡಿಬಂದಳು. "ಅಕ್ಕಾ, ನಿನ್ನ ಬೀಗರು ಒಡ್ಡು ಕಡಿಯಾಕ ಹತ್ಯಾರ!"

ಕಳಕಮ್ಮ ಹೊಸ ಇಳಕಲ್ಲ ಸೀರೆ ಉಟ್ಟವಳು, ಉಟ್ಟಂತೆಯೇ ಓಡಿದಳು. ಅವಳು ಮುಟ್ಟುವ ಹೊತ್ತಿಗೆ ಒಡ್ಡು ಬಾಯಿ ಬಿಟ್ಟಿತ್ತು, ಸಗಣಿ ನೀರು ಒಳಗೆ ನುಗ್ಗುವುದರಲ್ಲಿತ್ತು. ಮಣ್ಣು ತರಲು ಹೊತ್ತೆಲ್ಲಿದೆ? ಆ ಕಂಡಿಯಲ್ಲಿ ತಾನೇ ಧೊಪ್ಪನೆ ಕೂತುಬಿಟ್ಟಳು. ಮೈ ತುಂಬಿದ ಹೆಂಗಸು; ದೇವರು ಅಷ್ಟು ಗಾತ್ರ ಯಾಕೆ ಕೊಟ್ಟನೆಂದು ಊರಿಗೆ ಅವತ್ತು ತಿಳಿಯಿತು. ನೀರು ಅವಳ ಬೆನ್ನಿಗೆ ಬಡಿದು ಹೊಲದ ಕಡೆಗೇ ಹೊರಳಿತು.

"ಬುದ್ಧಿ ಐತೇನ್ರಿ ನಿಮಗ? ಊರ ಮಂದಿ ಕುಡಿಯೋ ನೀರಿಗೆ ಸಗಣಿ ಕಲಸ್ತೀರಿ? ನಾಳಿ ಇದನ್ನ ನಿಮ್ಮ ಮಗನ ತಲಿ ಮ್ಯಾಲೆ ಸುರೀತಾರ, ಗೊತ್ತೈತೇನು?"

ಹಂದರವೇ ಅಲ್ಲಿಗೆ ಬಂದು ನಿಂತಿತ್ತು. ಹೆಣ್ಣಿನ ತಾಯಿ ಬೀಗರಿಗೆ ಬೈಯುವುದೆಂದರೇನು, ಅದೂ ಸುರಗಿಯ ಹಿಂದಿನ ದಿನ! ಹಂಪಣ್ಣ ತಲೆಯ ಮೇಲೆ ಕೈ ಹೊತ್ತ. ಹಿಟ್ನಾಳದ ಹಿರಿಯನೊಬ್ಬ ಬಂಡಿ ಹೂಡಿರೆಂದ. "ತಾಯಿ ಹಂಗ ಮಗಳು, ನೂಲಿನ ಹಂಗ ಸೀರಿ. ಈ ಸಂಬಂಧ ಬ್ಯಾಡ್ರಪ್ಪೋ" ಎಂದ.

ಆ ಮಾತಿಗೆ ಕಳಕಮ್ಮನ ಎದೆ ಒಡೆಯಿತು. ಎದ್ದು ಕೈ ಮುಗಿಯಬೇಕೆನಿಸಿತು. ಎದ್ದರೆ ನೀರು ಒಳಗೆ ಹೋಗುತ್ತದೆ. ಕೂತಲ್ಲಿಂದಲೇ ಗಂಡಿನ ತಾಯಿ ಪಂಪಾವತಿಗೆ ಕೈ ಮುಗಿದಳು. "ಬೀಗತಿ, ಬೈದಾಕಿ ನಾನು. ನನ್ನ ಮಗಳು ನನ್ನಂಗಲ್ಲ ರೀ. ಆಕಿ ಬಾಯಾಗ ನಾಲಿಗಿ ಐತೋ ಇಲ್ಲೋ ಅಂತ ನನಗ ಸಂಶೆ ಐತಿ."

ಪಂಪಾವತಿ ಕೆಸರಲ್ಲಿ ಕೂತವಳನ್ನೊಮ್ಮೆ, ಸಲಿಕೆ ಹಿಡಿದು ನಿಂತ ಗಂಡನನ್ನೊಮ್ಮೆ ನೋಡಿದಳು. "ಇನ್ನೂ ಏನು ನೋಡ್ತೀರಿ? ಕಡಿದವರು ನೀವು, ಮಣ್ಣು ಹಾಕ್ರಿ!" ಎಂದು ಗಂಡನ ಮೇಲೆ ಹರಿಹಾಯ್ದಳು.

ಅಮರಪ್ಪ ಒಳ್ಳೆಯವನು. ಧೋತರ ಎತ್ತಿ ಕಟ್ಟಿದ. ಸರ್ದಾರಬೀ ಬುಟ್ಟಿಯಲ್ಲಿ ಮಣ್ಣು ತಂದು ಸುರಿದಳು, ಅವನು ತುಳಿದು ಗಟ್ಟಿ ಮಾಡಿದ. "ಬೀಗತಿ, ಇನ್ನ ಏಳ್ರಿ" ಎಂದ. ಕೆಸರಿನ ಸೀರೆಯಲ್ಲಿ ಅವಳು ಎದ್ದ ರೀತಿಗೆ ಎರಡೂ ಊರಿನವರು ನಕ್ಕರು. ನಗುವಿಗೇನು, ಒಬ್ಬರಿಂದ ಒಬ್ಬರಿಗೆ ಹತ್ತಿಕೊಂಡಿತು. ಬಂಡಿ ಹೂಡಿರೆಂದ ಹಿರಿಯನೂ ನಕ್ಕ.

ಮರುದಿನ ತಿಳಿನೀರಿನಲ್ಲಿ ಸುರಗಿ ಆಯಿತು, ಅಕ್ಕಿಕಾಳು ಬಿತ್ತು. ಮಗಳನ್ನು ಕಳಿಸುವ ಹೊತ್ತಿಗೆ ಶೇಖರಮ್ಮ ಬಂಡಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಕಳಕಮ್ಮ ಬಂಡಿಯ ಹಿಂದೆ ಸೆರಗು ಕಚ್ಚಿಕೊಂಡು ನಡೆಯುತ್ತಿದ್ದಳು. ಬಂಡಿ ಕಾಲುವೆಯ ಹತ್ತಿರ ಬಂದಾಗ, ಯಾವನೋ ಒಬ್ಬ ಎಮ್ಮೆಗಳನ್ನು ಕಾಲುವೆಗೆ ಇಳಿಸುತ್ತಿದ್ದ.

ಮದುಮಗಳ ಬಿಕ್ಕು ನಿಂತಿತು. ಮುಸುಕು ಸರಿಯಿತು. ಬಾಸಿಂಗ ಕಟ್ಟಿಕೊಂಡಿದ್ದ ಆ ಹುಡುಗಿ ಬಂಡಿಯಲ್ಲಿ ಎದ್ದು ನಿಂತೇಬಿಟ್ಟಳು.

"ಏಯ್! ಎಮ್ಮಿ ಮ್ಯಾಲ ಹೊಡಿ! ನಿಮ್ಮ ಅಪ್ಪನ ಕಾಲಿವಿ ಅಂತ ತಿಳಿದೀಯೇನು? ಕುಡಿಯೋ ನೀರು ಅದು!"

ಎಮ್ಮೆಗಳಷ್ಟೇ ಅಲ್ಲ, ಬಂಡಿಯ ಎತ್ತುಗಳೂ ಬೆದರಿದವು. ಮದುಮಗ ಬಾಯಿ ತೆರೆದುಕೊಂಡು ಹೆಂಡತಿಯನ್ನು ನೋಡಿದ. ಪಂಪಾವತಿ ಹಿಂದಿನ ಬಂಡಿಯಿಂದ ಕತ್ತು ಹೊರಗೆ ಹಾಕಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತ ಕೂಗಿದಳು:

"ಸಂಶೆ ಹೋತೇನ್ರಿ, ಬೀಗತಿ?"